ಒಂದೇ ಕಿವಿ ಮಂದವಾದಾಗ

ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದಂಥ ಘಟ್ಟದಂಚಿನ ಊರುಗಳಲ್ಲಿ ಫೋನಿನ ಮಾತು ಕೇಳಿಸದಿದ್ದರೆ ಬೈಗುಳವೆಲ್ಲ ಟವರಿಗೆ. ಬಹುಪಾಲು ಅದು ಸರಿಯೇ. ಆದರೆ ನಿಂತ ಜಾಗದಲ್ಲೇ ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿದಾಗ ಮಾತು ಸ್ಪಷ್ಟವಾದರೆ ತೊಂದರೆ ಕಿವಿಯದು.

ಹೆಚ್ಚಿನ ಸಲ ಅದು ಗುಗ್ಗೆ, ಇಲ್ಲವೇ ನೆಗಡಿಯ ಫಲ. ವಯಸ್ಸಿನ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗೆ ಬರುತ್ತದೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಕಾರಣ ಬೇರೆ: ಅಕೌಸ್ಟಿಕ್ ನ್ಯೂರೋಮಾ ಎಂಬ ಗಡ್ಡೆ. ಒಳಗಿವಿಯಿಂದ ಮಿದುಳಿಗೆ ಹೋಗುವ ಎಂಟನೇ ನರದಲ್ಲಿ ಕೇಳುವ ಎಳೆಗಳೂ ಸಮತೋಲದ ಎಳೆಗಳೂ ಮೂಳೆಯೊಳಗಿನ ಕಿರುಗಾಲುವೆಯಲ್ಲಿ ಒತ್ತೊತ್ತಾಗಿ ಸಾಗುತ್ತವೆ. ಸಮತೋಲದ ಎಳೆಗಳನ್ನು ಹೊದೆಯುವ ಶ್ವಾನ್ ಕೋಶಗಳು ಲೆಕ್ಕ ತಪ್ಪಿ ಬೆಳೆದರೆ ಪಕ್ಕದ ಕೇಳುವ ಎಳೆಗಳು ನಲುಗುತ್ತವೆ. ಇದು ಕ್ಯಾನ್ಸರ್ ಅಲ್ಲ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್. ಎಷ್ಟೋ ಗಡ್ಡೆಗಳು ಬೆಳೆಯುವುದೇ ಇಲ್ಲ. ಗಡ್ಡೆ ಇರುವ ಬದಿಯ ಕಿವಿಗೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಆ ಕಿವಿಯಲ್ಲಿ ಗುಂಯ್‌ಗುಡುತ್ತದೆ, ನಡೆಯುವಾಗ ತುಸು ಓಲಿದಂತಾಗುತ್ತದೆ. ಎದುರು ಕೂತು ಮಾತಾಡುವಾಗ ಒಳ್ಳೆಯ ಕಿವಿ ಇನ್ನೊಂದರ ಕೊರತೆಯನ್ನು ಮುಚ್ಚಿಬಿಡುತ್ತದೆ. ಫೋನಿನ ಮುಂದೆ ಆ ಮುಚ್ಚುಮರೆ ನಡೆಯದು.

ಸಂಶೋಧಕರನ್ನು ಗೊಂದಲಕ್ಕೆ ಕೆಡವಿದ್ದೂ ಇದೇ. 2004ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಅಧ್ಯಯನವೊಂದು, ಹತ್ತು ವರ್ಷಕ್ಕೂ ಮೇಲ್ಪಟ್ಟು ಫೋನ್ ಬಳಸಿದವರಲ್ಲಿ, ಅದೂ ಫೋನ್ ಹಿಡಿಯುವ ಬದಿಯಲ್ಲೇ, ಈ ಗಡ್ಡೆ ಹೆಚ್ಚೆಂದಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಫೋನಿನ ಅಲೆಗಳನ್ನು ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ ಪಟ್ಟಿಗೆ ಸೇರಿಸಿತು. 2014ರಲ್ಲಿ ಸ್ವೀಡನ್ನಿನದೇ ಇನ್ನೊಂದು ಅಧ್ಯಯನ ತಿರುವು ಕೊಟ್ಟಿತು: ಫೋನು ಗಡ್ಡೆ ತರಿಸುತ್ತದೆ ಎನ್ನಲು ಆಧಾರವಿಲ್ಲ, ಇದ್ದ ಗಡ್ಡೆ ಪತ್ತೆಯಾಗುವ ಸಂಭವವನ್ನು ಅದು ಹೆಚ್ಚಿಸುತ್ತಿರಬಹುದು. ಕಿವಿ ಮಂದವಾದವರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಳ್ಳುವುದರಿಂದ ಎಡ-ಬಲದ ಲೆಕ್ಕವೂ ಕೆಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ಸಮೀಕ್ಷೆಯೂ ಫೋನಿಗೂ ಈ ಗಡ್ಡೆಗೂ ನಂಟು ಕಾಣಲಿಲ್ಲ. ನನಗೆ ಈ ವಾದವೇ ಗಟ್ಟಿ ಅನಿಸುತ್ತದೆ.

ಸಿಗ್ನಲ್ ಕ್ಷೀಣವಿದ್ದಲ್ಲಿ ಫೋನು ಹೆಚ್ಚು ಶಕ್ತಿ ಹೊಮ್ಮಿಸುತ್ತದೆ ಎಂಬುದು ಮಾತ್ರ ನಿಜ. ಆದರೂ 2012ರಿಂದ ನಮ್ಮ ದೇಶದಲ್ಲಿ ಹ್ಯಾಂಡ್‌ಸೆಟ್ಟಿನಿಂದ ಮೈ ಹೀರುವ ಶಕ್ತಿಗೆ ಕಿಲೋಗೆ 1.6 ವ್ಯಾಟ್ ಮಿತಿ ಇದೆ. ಅಳುಕಿದ್ದರೆ ಇಯರ್‌ಫೋನ್ ಸಾಕು.

ಒಂದೇ ಕಿವಿ ಮಂದವಾಗಿ ಹಾಗೇ ಉಳಿದರೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ, ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎರಡು ಕಿವಿಗಳ ಅಳತೆಯಲ್ಲಿ ಅಂತರ ಕಂಡರೆ ವೈದ್ಯರೇ ಎಂ.ಆರ್.ಐ.ಗೆ ಬರೆಯುತ್ತಾರೆ. ಗಡ್ಡೆ ಸಣ್ಣದಿರುವಾಗಲೇ ಸಿಕ್ಕರೆ ಎಷ್ಟೋ ಮಂದಿಗೆ ಆಪರೇಷನ್ ಬೇಕಾಗುವುದಿಲ್ಲ, ಆಗಾಗ ಸ್ಕ್ಯಾನ್ ಮಾಡಿಸುತ್ತ ಕಾಯ್ದರೆ ಸಾಕಾಗುತ್ತದೆ.