ನೋವಿಗೆ ಮದ್ದು, ಮದ್ದಿಗೆ ಕಾವಲು

ಹಾಸನದಿಂದ ಬೇಲೂರಿಗೆ ಹೋಗುವ ಹಾದಿಯಲ್ಲಿ, 20 ಕಿಲೋಮೀಟರಿನೊಳಗೆ, ಕೆರೆಯ ಬದಿಯಲ್ಲಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯಿದೆ. ವಿಷ್ಣುವರ್ಧನನ ಕಾಲದಲ್ಲಿ, 1114ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಪತ್ನಿ ಸಹಜಾದೇವಿಯೂ ಕಟ್ಟಿಸಿದ ಈ ದೇವಾಲಯಕ್ಕೆ ನಾಲ್ಕು ಗರ್ಭಗುಡಿಗಳು. ಕಾಳಿಯ ಗುಡಿಯ ಮುಂದೆ ಎಲುಬಿನ ಹಂದರದಂತಹ ಎರಡು ಬೇತಾಳಗಳು ನಿಂತಿವೆ. ಕಂಕುಳ ಕೂಸು ಅವನ್ನು ಕಂಡರೆ ತಾಯಿಯ ಸೆರಗಿನಲ್ಲಿ ಮುಖ ಮರೆಸಿಕೊಂಡೀತು. ಆದರೆ ಅವು ಅಲ್ಲಿ ನಿಂತಿರುವುದು ಕಾವಲಿಗೆ.

ವೈದ್ಯರ ಪೆಟ್ಟಿಗೆಯಲ್ಲಿಯೂ ಇಂತಹದೊಂದು ಬೇತಾಳನಿದೆ. ಅದರ ಹೆಸರು ಮಾರ್ಫೀನ್, ಅಫೀಮಿನ ಸಾರ. ಕೇಳಿದೊಡನೆ ತಾಯ್ತಂದೆಗಳ ಎದೆ ನಡುಗುತ್ತದೆ. ಆ ಭಯ ಎಷ್ಟರಮಟ್ಟಿಗೆ ಸರಿ, ಎಷ್ಟರಮಟ್ಟಿಗೆ ತಪ್ಪು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಇಂತಹ ಊರಿನ ಒಬ್ಬ ತಾಯಿಯನ್ನು ಮನಸ್ಸಿಗೆ ತಂದುಕೊಳ್ಳಿ. ಅವಳ ಕೂಸು ಹುಟ್ಟುವಾಗಲೇ ಅಂಗುಳ ಸೀಳಿದೆ. ಕುಡಿದ ಹಾಲು ಮೂಗಿನಿಂದ ಬರುತ್ತದೆ. ಗ್ರಹಣದ ದಿನ ಬಸುರಿ ಹೊರಗೆ ಬಂದಳೆಂದು, ಕತ್ತಿ ಹಿಡಿದಳೆಂದು ನೆರೆಹೊರೆಯವರು ಆಡಿಕೊಳ್ಳುತ್ತಾರೆ. ಇದರಲ್ಲಿ ಲವಲೇಶವೂ ಸತ್ಯವಿಲ್ಲ. ಗರ್ಭದ ಮೊದಲ ಮೂರು ತಿಂಗಳಿನೊಳಗೆ ಎರಡು ಕಡೆಯಿಂದ ಬೆಳೆದು ಬಂದು ಕೂಡಬೇಕಾದ ಅಂಗುಳ ಕೂಡದೆ ಉಳಿಯುತ್ತದೆ, ಅಷ್ಟೆ. ಜಗತ್ತಿನಲ್ಲಿ ಸುಮಾರು 700ರಿಂದ 1,000 ಶಿಶುಗಳಲ್ಲಿ ಒಂದಕ್ಕೆ ತುಟಿಯೋ ಅಂಗುಳವೋ ಎರಡೂ ಯೋ ಸೀಳಿರುತ್ತದೆ. ತಾಯಿಯ ಅಪರಾಧ ಇದರಲ್ಲಿ ಏನೂ ಇಲ್ಲ.

ಅಂಗುಳವನ್ನು ಸಾಮಾನ್ಯವಾಗಿ ಕೂಸಿಗೆ 9ರಿಂದ 18 ತಿಂಗಳಾಗುವಷ್ಟರಲ್ಲಿ ಹೊಲಿಯುತ್ತಾರೆ. ತಡವಾದರೆ ಮಾತು ಮೂಗಿನಲ್ಲಿಯೇ ನಿಲ್ಲುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಈ ದೋಷವೂ ಸೇರಿದೆ. ಧಾರವಾಡ, ಮಂಗಳೂರು, ಬೆಂಗಳೂರುಗಳಲ್ಲಿ ಇದರ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದ ಕೈಗಳಿವೆ. ಬಡವರಿಗೆ ಉಚಿತವಾಗಿ ನಡೆಸಿಕೊಡುವ ಸಂಸ್ಥೆಗಳೂ ಇವೆ. ಮುಂದೆ ಮಾತು ತಿದ್ದಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹೀಗಿರುವಾಗ ತಾಯಿಯ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ಒಂದೇ: ಶಸ್ತ್ರಚಿಕಿತ್ಸೆಯಾದ ರಾತ್ರಿ ಕೂಸು ನೋವಿನಿಂದ ಚೀರಿದರೆ ಏನು ಗತಿ?

ಕೂಸಿಗೆ ನೋವಿಲ್ಲವೆ?

ಹಸುಳೆಗಳಿಗೆ ನೋವು ಅಷ್ಟಾಗಿ ತಿಳಿಯದೆಂದು ದೊಡ್ಡ ದೊಡ್ಡ ವೈದ್ಯರೇ ನಂಬಿದ್ದ ಕಾಲವೊಂದಿತ್ತು. ಅದೇನೂ ಪುರಾಣಕಾಲವಲ್ಲ. 1980ರ ದಶಕದವರೆಗೂ ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳಲ್ಲಿ ಎಷ್ಟೋ ನವಜಾತ ಶಿಶುಗಳಿಗೆ ಅತ್ಯಲ್ಪ ನೋವುಶಾಮಕ ಕೊಟ್ಟು ಕತ್ತಿಯಾಡಿಸುತ್ತಿದ್ದರು. ಈ ನಂಬಿಕೆಯ ಬೇರನ್ನು ಅಲುಗಿಸಿದವರಲ್ಲಿ ಇಂದೋರಿನಲ್ಲಿ ವೈದ್ಯಶಾಸ್ತ್ರ ಓದಿ ಆಕ್ಸ್‌ಫರ್ಡಿಗೆ ಹೋಗಿದ್ದ ನಮ್ಮ ದೇಶದ ಡಾ. ಕನ್ವಲ್‌ಜೀತ್ ಸಿಂಗ್ ಆನಂದ್ ಪ್ರಮುಖರು. ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಶಸ್ತ್ರಚಿಕಿತ್ಸೆಯ ವೇಳೆ ಫೆಂಟನಿಲ್ ಎಂಬ ಅಫೀಮು ವರ್ಗದ ಔಷಧ ಕೊಟ್ಟಾಗ ಅವುಗಳ ದೇಹದ ಆಘಾತ ಕಡಮೆಯಾಯಿತೆಂದೂ, ಅನಂತರದ ತೊಡಕುಗಳೂ ತಗ್ಗಿದವೆಂದೂ 1987ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ತೋರಿಸಿಕೊಟ್ಟರು.

ಅಂಗುಳ ಹೊಲಿಯುವಾಗ ವೈದ್ಯರು ಅದರ ಪೊರೆಯನ್ನು ಮೂಳೆಯಿಂದ ಬಿಡಿಸಿ ನಡುವಿಗೆ ಎಳೆಯುತ್ತಾರೆ. ಇಕ್ಕೆಲಗಳಲ್ಲಿ ಹಸಿ ಗಾಯ ಉಳಿಯುವುದುಂಟು. ನೋವಿಗೆ ಕೂಸು ಅತ್ತಷ್ಟೂ ಹೊಲಿಗೆ ಜಗ್ಗುತ್ತದೆ, ರಕ್ತದ ಒತ್ತಡ ಏರುತ್ತದೆ, ಹಾಲು ನೀರು ಒಳಗೆ ಹೋಗುವುದಿಲ್ಲ. ಆದುದರಿಂದ ನೋವನ್ನು ಆರಿಸುವುದು ಕೇವಲ ಕರುಣೆಯಲ್ಲ. ಅದು ಚಿಕಿತ್ಸೆಯ ಒಂದು ಅಂಗ.

ಭಯಕ್ಕೂ ಕಾರಣವುಂಟು

ಮಾರ್ಫೀನ್ ನೋವನ್ನು ಮಾತ್ರ ಮಲಗಿಸುವುದಿಲ್ಲ. ಮೆದುಳಿನ ಬುಡದಲ್ಲಿ ಕುಳಿತು ಉಸಿರಾಟ ನಡೆಸುವ ಕೇಂದ್ರವನ್ನೂ ಜೋಂಪು ಹಿಡಿಸುತ್ತದೆ. ಪ್ರಮಾಣ ಮೀರಿದರೆ ಉಸಿರು ನಿಧಾನವಾಗುತ್ತದೆ, ನಿಂತೂ ಹೋಗಬಹುದು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಶಿಶುವಿನ ಯಕೃತ್ತೂ ಮೂತ್ರಪಿಂಡವೂ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಔಷಧ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ಅಂಗುಳದ ಶಸ್ತ್ರಚಿಕಿತ್ಸೆಯಲ್ಲಿ ಇನ್ನೊಂದು ತೊಡಕು. ನಿನ್ನೆಯವರೆಗೆ ತೆರೆದಿದ್ದ ದಾರಿ ಇಂದು ಹೊಲಿಗೆಯಿಂದ ಕಿರಿದಾಗಿದೆ. ಬಾಯಿ ತೆರೆದಿಡುವ ಉಪಕರಣ ಒತ್ತಿದ್ದರಿಂದ ನಾಲಗೆ ಊದಿರಬಹುದು. ಗಂಟಲಿನಲ್ಲಿ ರಕ್ತ ಜಿನುಗಬಹುದು. ಕೆಲವು ಕೂಸುಗಳಿಗೆ ಕೆಳದವಡೆ ಹುಟ್ಟಿನಿಂದಲೇ ಚಿಕ್ಕದು. ಅವು ಮೊದಲೇ ಗೊರಕೆ ಹೊಡೆಯುತ್ತಿದ್ದು, ನಿದ್ರೆಯಲ್ಲಿ ಉಸಿರುಕಟ್ಟುತ್ತಿದ್ದರೆ ಅಫೀಮಿನ ಔಷಧಕ್ಕೆ ಅವುಗಳ ದೇಹ ಇನ್ನೂ ಬೇಗ ಮಣಿಯುತ್ತದೆ. ಈ ಸಂಗತಿಯನ್ನು ತಾಯಿ ಮುಂಚಿತವಾಗಿ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಕೋಡೀನ್ ಎಂಬುದು ಇದೇ ಕುಲದ ಇನ್ನೊಂದು ಔಷಧ. ಸೌಮ್ಯವೆಂದು ಬಹುಕಾಲ ಹೆಸರಾಗಿತ್ತು. ಕೆಲವು ಕೆಮ್ಮಿನ ಸಿರಪ್ಪುಗಳಲ್ಲಿಯೂ ಸೇರಿರುತ್ತದೆ. ಅದು ಯಕೃತ್ತಿನಲ್ಲಿ ಮಾರ್ಫೀನಾಗಿ ಬದಲಾಗಿ ಕೆಲಸ ಮಾಡುತ್ತದೆ. ಕೆಲವರಲ್ಲಿ ಹುಟ್ಟುಗುಣದಿಂದ ಈ ಬದಲಾವಣೆ ಅತಿ ವೇಗ. ಆಗ ಸರಿಯಾದ ಪ್ರಮಾಣವೇ ಅತಿ ಪ್ರಮಾಣವಾಗುತ್ತದೆ. ಯಾವ ಮಗುವಿನ ಗುಣ ಹೇಗೆಂದು ಮುಖ ನೋಡಿ ಹೇಳಲು ಬಾರದು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮಕ್ಕಳು ಇದರಿಂದ ಸತ್ತುದು ಬೆಳಕಿಗೆ ಬಂದ ಮೇಲೆ ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಕಠಿಣ ಎಚ್ಚರಿಕೆಯಿತ್ತು, 2017ರಲ್ಲಿ 12 ವರ್ಷದೊಳಗಿನವರಿಗೆ ಕೋಡೀನನ್ನೂ, ನೋವಿಗಾಗಿ ಟ್ರಮಡಾಲನ್ನೂ ಕೊಡಕೂಡದೆಂದರು.

ಹಾಗಾದರೆ ಮಾರ್ಗವೇನು?

ಇಂದಿನ ವೈದ್ಯರ ಜಾಣ್ಮೆಯೆಂದರೆ ಅಫೀಮಿನ ಭಾರವನ್ನು ಬೇರೆಯವರ ಹೆಗಲಿಗೂ ಹಂಚುವುದು. ಕೂಸು ಅರಿವಳಿಕೆಯಲ್ಲಿರುವಾಗಲೇ ಅಂಗುಳಕ್ಕೆ ಹೋಗುವ ನರದ ಬಳಿ ಮರಗಟ್ಟಿಸುವ ಔಷಧವನ್ನು ಚುಚ್ಚುತ್ತಾರೆ. ತೂಕಕ್ಕೆ ತಕ್ಕಂತೆ ಪ್ಯಾರಸಿಟಮಾಲನ್ನು, ನೋವು ಬರುವವರೆಗೆ ಕಾಯದೆ, ಗೊತ್ತಾದ ಹೊತ್ತಿಗೆ ಕೊಡುತ್ತಾರೆ. ಇಷ್ಟಾದರೂ ನೋವು ಮಿಕ್ಕರೆ ಮಾತ್ರ ಮಾರ್ಫೀನ್ ಅಥವಾ ಫೆಂಟನಿಲ್. ಅದೂ ಚೂರುಚೂರಾಗಿ, ಪರಿಣಾಮ ನೋಡಿ ನೋಡಿ.

ಮಾತು ಬಾರದ ಕೂಸಿನ ನೋವನ್ನು ಅಳೆಯುವುದು ಹೇಗೆ? ಮುಖ, ಕಾಲು, ಚಲನೆ, ಅಳು, ಸಮಾಧಾನಕ್ಕೆ ಒಗ್ಗುವಿಕೆ ಎಂಬ ಐದು ಲಕ್ಷಣಗಳಿಗೆ ತಲಾ 0ಯಿಂದ 2 ಅಂಕ ಕೊಟ್ಟು, 10ಕ್ಕೆ ಎಷ್ಟೆಂದು ದಾದಿಯರು ಎಣಿಸುತ್ತಾರೆ. ಬೆರಳಿಗೋ ಪಾದಕ್ಕೋ ಸುತ್ತಿದ ಸಣ್ಣ ಕೆಂಪು ದೀಪವು ರಕ್ತದ ಆಮ್ಲಜನಕವನ್ನು ತೋರಿಸುತ್ತದೆ. ಈ ಉಪಕರಣದ ಮೂಲತತ್ತ್ವವನ್ನು 1970ರ ದಶಕದಲ್ಲಿ ಕಂಡವರು ಜಪಾನಿನ ತಕುವೋ ಅಓಯಗಿ. ಆದರೆ ಯಂತ್ರವೊಂದೇ ಸಾಲದು. ಆಮ್ಲಜನಕವನ್ನು ಮೂಗಿಗೆ ಕೊಡುತ್ತಿದ್ದರೆ, ಉಸಿರು ನಿಧಾನವಾಗಿದ್ದರೂ ಅಂಕಿ ಸ್ವಲ್ಪ ಹೊತ್ತು ಚೆನ್ನಾಗಿಯೇ ಕಾಣಬಹುದು. ಎದೆಯ ಏರಿಳಿತವನ್ನು ಕಣ್ಣಿನಿಂದ ಎಣಿಸುವ ಮನುಷ್ಯರು ಬಳಿಯಲ್ಲಿರಬೇಕು. ಮಾರ್ಫೀನನ್ನು ಹಿಮ್ಮೆಟ್ಟಿಸುವ ನಲಾಕ್ಸೋನ್ ಕೈಗೆಟುಕುವಂತಿರಬೇಕು. ಅದರ ಪ್ರಭಾವ ಮಾರ್ಫೀನಿಗಿಂತ ಬೇಗ ಇಳಿಯುವುದರಿಂದ, ಕೊಟ್ಟ ಮೇಲೆಯೂ ಕಾವಲು ಸಡಿಲಿಸಕೂಡದು.

ಮನೆಗೆ ಬಂದ ಮೇಲೆ

ಕಳೆದ ಶತಮಾನದ ಮೊದಲ ಭಾಗದಲ್ಲಿ ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸು ಮಲಗಿರಲೆಂದು ಅಫೀಮಿನ ಗುಳಿಗೆ ನುಂಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಅವರ ಪ್ರೀತಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಕಾವಲಿಗೆ. ಅದೇ ವಸ್ತು ಆಸ್ಪತ್ರೆಯಲ್ಲಿ ಮದ್ದು, ಕಾವಲಿಲ್ಲದ ತೊಟ್ಟಿಲಿನಲ್ಲಿ ವಿಷ.

ಆದುದರಿಂದ ಮನೆಗೆ ಮರಳುವ ತಾಯಿ ಕೆಲವು ಮಾತುಗಳನ್ನು ಗಂಟು ಹಾಕಿಕೊಳ್ಳಬೇಕು. ಹಿರಿಯ ಮಕ್ಕಳಿಗೆ ತಂದ ಕೆಮ್ಮಿನ ಔಷಧವನ್ನಾಗಲಿ ನಿದ್ರೆಯ ಔಷಧವನ್ನಾಗಲಿ ಕೂಸಿಗೆ ಹಾಕಕೂಡದು. ಪ್ಯಾರಸಿಟಮಾಲಿನಲ್ಲಿಯೂ ಎಚ್ಚರ ಬೇಕು: ಅಂಗಡಿಯಲ್ಲಿ ಸಿಕ್ಕುವ ಹನಿ ಔಷಧದ 1 ಮಿಲಿಲೀಟರಿನಲ್ಲಿ ಅನೇಕ ವೇಳೆ 100 ಮಿಲಿಗ್ರಾಂ ಇದ್ದರೆ, ಸಾಮಾನ್ಯ ಸಿರಪ್ಪಿನಲ್ಲಿ ಅಷ್ಟೇ ಅಳತೆಗೆ ಸುಮಾರು 25 ಮಾತ್ರ. ಸಿರಪ್ಪಿನ ಅಳತೆಯಲ್ಲಿ ಹನಿಯನ್ನು ಕುಡಿಸಿದರೆ ನಾಲ್ಕು ಪಟ್ಟಾಯಿತು! ವೈದ್ಯರು ಬರೆದ ಸೀಸೆಯನ್ನೇ ತಂದು, ಅಳತೆಯ ಕೊಳವೆಯಿಂದಲೇ ಕೊಡಬೇಕು. ಅಡಿಗೆಮನೆಯ ಚಮಚ ಬೇಡ. ಕೂಸು ಎಬ್ಬಿಸಿದರೂ ಏಳದಿದ್ದರೆ, ಉಸಿರು ತಡೆತಡೆದು ಬಂದರೆ, ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ, ಬಾಯಿಂದ ರಕ್ತ ಹರಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ನಮ್ಮ ದೇಶದಲ್ಲಿ ಕಾನೂನಿನಂತೆಯೇ ಅಫೀಮು ಬೆಳೆದರೂ, 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ರೋಗಿಗಳಿಗೆ ಮಾರ್ಫೀನ್ ದುರ್ಲಭವಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಕಾಯಿದೆ ಬಾಗಿಲು ತೆರೆಯಬಲ್ಲುದು. ಹಾಸಿಗೆಯ ಬಳಿ ಎಚ್ಚರವಾಗಿ ಕೂರಲಾರದು. ಆದುದರಿಂದ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕುವ ಮೊದಲು ತಂದೆತಾಯಿಗಳು ಸಂಕೋಚವಿಲ್ಲದೆ ಕೇಳಲಿ: "ನೋವಿಗೆ ಏನು ಕೊಡುತ್ತೀರಿ? ಆ ರಾತ್ರಿ ನನ್ನ ಮಗುವಿನ ಉಸಿರನ್ನು ನೋಡಿಕೊಳ್ಳುವವರು ಯಾರು?" ಎರಡಕ್ಕೂ ತೃಪ್ತಿಕರವಾದ ಉತ್ತರ ದೊರೆತರೆ ಆ ಬೇತಾಳನಿಗೆ ಅಂಜಬೇಕಾಗಿಲ್ಲ.