ಎಪ್ರಿಲ್ 10ರ ಹಬ್ಬ

ಒಂದು ವರ್ಷದಲ್ಲಿ ಮಗು ಎಷ್ಟು ಬೆಳೆಯಿತು ಎಂಬುದನ್ನು ಅಂಕಪಟ್ಟಿ ಅರ್ಧ ಮಾತ್ರ ಹೇಳುತ್ತದೆ. ಉಳಿದರ್ಧವನ್ನು ಹೇಳಬೇಕಾದವರು ಟೀಚರು, ಹೆತ್ತವರು, ಊರಿನವರು. ಪುಂಜಾಲಕಟ್ಟೆಯ ಆಸುಪಾಸಿನಲ್ಲಿ ನಿಂತು ಪ್ರಾಥಮಿಕ ಶಾಲೆಯ ವರ್ಷಾಂತ್ಯವನ್ನು ನೋಡುವ ವಿಶೇಷ ಲೇಖನ.

ಕರ್ನಾಟಕದ ಶಾಲೆಯಲ್ಲಿ ಓದಿದ ಯಾರನ್ನೇ ಕೇಳಿ, ಎಪ್ರಿಲ್ 10 ಎಂದರೆ ಏನೆಂದು ತಟ್ಟನೆ ಹೇಳುತ್ತಾರೆ. ಪಾಸೋ ಫೇಲೋ ಗೊತ್ತಾಗುವ ದಿನ ಅದು. ಮರುದಿನದಿಂದ ಕರಾವಳಿಯ ಮಕ್ಕಳಿಗೆ ದೊಡ್ಡ ರಜೆ. ಗುಡ್ಡೆಯಲ್ಲಿ ಗೇರುಬೀಜ ಹೆಕ್ಕುವುದು, ಮಾವಿನಕಾಯಿಗೆ ಕಲ್ಲು ಬೀರುವುದು, ಅಜ್ಜಿಮನೆಗೆ ಓಡುವುದು ಎಲ್ಲ ಶುರು. ಫೇಲ್ ಎಂಬ ಮಾತು ಪ್ರಾಥಮಿಕ ಶಾಲೆಯಿಂದ ಹೆಚ್ಚುಕಡಿಮೆ ಮಾಯವಾಗಿ ವರ್ಷಗಳೇ ಕಳೆದವು. ಆದರೂ ಆ ದಿನ ಶಾಲೆಯ ಜಗಲಿಯಲ್ಲಿ ಹೆತ್ತವರು ಕೇಳುವ ಮೊದಲ ಪ್ರಶ್ನೆ ಬದಲಾಗಿಲ್ಲ: "ಎಷ್ಟು ಮಾರ್ಕು?"

ಬಿ.ಸಿ.ರೋಡಿನಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿ, ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳು ಒಂದಕ್ಕೊಂದು ತಾಗುವ ಕಡೆ ಪುಂಜಾಲಕಟ್ಟೆ ಇದೆ. ಸುತ್ತ ಅಡಿಕೆ ತೋಟ, ರಬ್ಬರು ಗುಡ್ಡೆ, ಅತ್ತ ಕಾರಿಂಜ ಬೆಟ್ಟ. ಪೇಟೆ ಚಿಕ್ಕದಾದರೂ ಇಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಯಿದೆ, ಸರಕಾರಿ ಪ್ರಥಮ ದರ್ಜೆ ಕಾಲೇಜಿದೆ. ಒಂದನೇ ತರಗತಿಗೆ ಸೇರಿದ ಮಗು ಪದವಿ ಮುಗಿಸುವ ತನಕ ಊರು ಬಿಡಬೇಕಾಗಿಲ್ಲ. ಇಂಥ ಊರಿನಲ್ಲಿ ಒಂದು ಮಗುವಿನ ಬೆಳವಣಿಗೆಯನ್ನು ಎಲ್ಲರೂ ಕಣ್ಣಾರೆ ಕಾಣುತ್ತಾರೆ. ಹಾಗಿದ್ದೂ ಶಾಲೆಯಲ್ಲಿ ಅದನ್ನು ಕೊಂಡಾಡುವಾಗ ನಮಗೆ ನೆನಪಾಗುವುದು ಮೊದಲ ಮೂರು ಸ್ಥಾನದವರು ಮಾತ್ರ. ಈ ರೂಢಿಯನ್ನು ಬದಲಿಸುವ ಕಾಲ ಬಂದಿದೆ.

ಹೊರಟ ಜಾಗ ಎಲ್ಲರಿಗೂ ಒಂದೇ ಅಲ್ಲ

ಈ ಭಾಗದ ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಅಲ್ಲಲ್ಲಿ ಮರಾಠಿ, ಮಲಯಾಳ. ಶಾಲೆಯಲ್ಲಿ ಕನ್ನಡ. ಒಂದನೇ ತರಗತಿಯ ಮೊದಲ ವಾರ "ಯಾನ್ ಇಲ್ಲಡೆ ಪೋಪೆ" (ನಾನು ಮನೆಗೆ ಹೋಗುತ್ತೇನೆ) ಎಂದು ಅಳುವ ಮಗುವಿಗೆ ಟೀಚರು ತುಳುವಿನಲ್ಲೇ ಸಮಾಧಾನ ಹೇಳುತ್ತಾರೆ. ಅದೇ ಮಗು ಮಾರ್ಚ್ ಹೊತ್ತಿಗೆ ಕನ್ನಡದಲ್ಲಿ ಕತೆ ಹೇಳುತ್ತದೆ, ಗೆಳತಿಯ ಮೇಲೆ ಚಾಡಿಯನ್ನೂ ಹೇಳುತ್ತದೆ. ಹತ್ತು ತಿಂಗಳಲ್ಲಿ ಒಂದು ಭಾಷೆಯನ್ನು ಕಿವಿಯಿಂದ ನಾಲಗೆಗೆ, ನಾಲಗೆಯಿಂದ ಕೈಗೆ ಇಳಿಸಿಕೊಂಡ ಸಾಧನೆ ಅದು. ಮನೆಯಲ್ಲೇ ಕನ್ನಡ ಕೇಳಿ ಬೆಳೆದ ಮಗುವಿನ ಪಕ್ಕದಲ್ಲಿ ಇದನ್ನು ಕೂರಿಸಿ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ಅಂಕ ಯಾರಿಗೆ ಹೆಚ್ಚು ಎಂಬುದು ತಿಳಿಯುತ್ತದೆ. ಯಾರು ಹೆಚ್ಚು ದೂರ ನಡೆದರು ಎಂಬುದು ತಿಳಿಯುವುದಿಲ್ಲ.

ಮನೆಯ ಭಾಷೆಗೂ ಶಾಲೆಯಲ್ಲಿ ಈಗ ಜಾಗ ಸಿಕ್ಕಿದೆ. 2010ರಿಂದ ಆರನೇ ತರಗತಿಯಿಂದ ಮೇಲೆ ತುಳುವನ್ನು ತೃತೀಯ ಭಾಷೆಯಾಗಿ ಆಯ್ದುಕೊಳ್ಳಲು ಅವಕಾಶವಿದೆ. ಆದರೆ ಭಾಷೆಯ ನಿಜವಾದ ಹೆಜ್ಜೆ ಬೀಳುವುದು ಒಂದರಿಂದ ಮೂರನೇ ತರಗತಿಯೊಳಗೆ. ಆ ಹೆಜ್ಜೆಯನ್ನು ಗಮನಿಸುವ ಕಣ್ಣು ತರಗತಿಯ ಟೀಚರಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ.

ಮಾತಿನಷ್ಟೇ ಮುಖ್ಯವಾದ ಇನ್ನೂ ಎಷ್ಟೋ ಹೆಜ್ಜೆಗಳಿವೆ. ಆಟಿ ತಿಂಗಳ ಮಳೆಗೆ ತೋಡು ತುಂಬಿ ಹರಿಯುವಾಗ ದೊಡ್ಡವರ ಕೈ ಹಿಡಿದು ಕಾಲುಸಂಕ ದಾಟುತ್ತಿದ್ದ ಹುಡುಗ ವರ್ಷದ ಕೊನೆಗೆ ತಮ್ಮನ ಕೈ ಹಿಡಿದು ದಾಟಿಸುತ್ತಾನೆ. ಬಿಸಿಯೂಟದಲ್ಲಿ ತರಕಾರಿ ಹೆಕ್ಕಿ ಬದಿಗಿಡುತ್ತಿದ್ದವಳು ಬಟ್ಟಲು ಖಾಲಿ ಮಾಡಿ ತೊಳೆದಿಡುತ್ತಾಳೆ. ಪ್ರಾರ್ಥನೆಯ ಸಾಲಿನಲ್ಲಿ ಹಿಂದೆ ಅಡಗುತ್ತಿದ್ದವನು ಮುಂದೆ ಬಂದು ಪತ್ರಿಕೆಯ ತಲೆಬರಹ ಓದುತ್ತಾನೆ. ಇವಕ್ಕೆ ಪ್ರಗತಿಪತ್ರದಲ್ಲಿ ಕಲಂ ಇಲ್ಲ.

ಏಣಿ ಹತ್ತುವ ತರಗತಿ

ಕಲಂ ಇಲ್ಲ ಎಂದ ಮಾತ್ರಕ್ಕೆ ನಮ್ಮ ವ್ಯವಸ್ಥೆಗೆ ಇಂಥ ಹೆಜ್ಜೆಗಳ ಅರಿವೇ ಇಲ್ಲವೆಂದಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯ ಜೀವಾಳವೇ ಈ ಅರಿವು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಅದನ್ನು ಕನ್ನಡಕ್ಕೆ ಒಗ್ಗಿಸಿದರು. 2009-10ರಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು.

ನಲಿ-ಕಲಿ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೆ ನೆಲದಲ್ಲಿ ಕೂರುತ್ತಾರೆ. ಗೋಡೆಯಲ್ಲಿ ಕಲಿಕಾ ಏಣಿ, ಏಣಿಯ ತುಂಬ ಪ್ರಾಣಿ, ಹಕ್ಕಿ, ವಾಹನಗಳ ಚಿತ್ರ. ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ ಮಗು ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಮೂಲ ಕ್ರಮದಲ್ಲಿ ಮಕ್ಕಳಿಗೆ ಐದು ತಟ್ಟೆಗಳು, ಅಂದರೆ ಐದು ಗುಂಪುಗಳು. ಮೊದಲನೆಯದರಲ್ಲಿ ಶಿಕ್ಷಕರ ಪೂರ್ತಿ ನೆರವು, ಎರಡನೆಯದರಲ್ಲಿ ಸ್ವಲ್ಪ ನೆರವು. ಮೂರು ಮತ್ತು ನಾಲ್ಕರಲ್ಲಿ ಜೊತೆಗಾರರ ನೆರವು. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಒಂದು ಮೈಲಿಗಲ್ಲು ದಾಟಲು ಒಬ್ಬನಿಗೆ ಮೂರು ದಿನ ಸಾಕು, ಇನ್ನೊಬ್ಬಳಿಗೆ ಎಂಟು ದಿನ ಬೇಕು. ಇಬ್ಬರೂ ದಾಟುತ್ತಾರೆ, ಇಬ್ಬರ ದಾಟುವಿಕೆಯೂ ಪ್ರಗತಿ ನೋಟದಲ್ಲಿ ದಾಖಲಾಗುತ್ತದೆ. ತಲೆಯ ಮೇಲೆ ಕಟ್ಟಿದ ಚಪ್ಪರದಲ್ಲಿ ಅವರು ಬಿಡಿಸಿದ ಚಿತ್ರ, ಬರೆದ ಪದ ತೂಗುತ್ತಿರುತ್ತವೆ.

ಕಾನೂನಿನ ದಾರಿಯೂ ಇದೇ. 2010ರ ಎಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಮಗುವಿನ ತಿಳಿವಳಿಕೆಯನ್ನು ವರ್ಷವಿಡೀ, ಎಲ್ಲ ಬದಿಯಿಂದ ನೋಡಬೇಕೆಂದು ಹೇಳುತ್ತದೆ. ಎಂಟನೆಯ ತರಗತಿ ಮುಗಿಯುವ ತನಕ ಬೋರ್ಡ್ ಪರೀಕ್ಷೆ ಕಡ್ಡಾಯವಲ್ಲ ಎನ್ನುತ್ತದೆ. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಈಗಿನ ಕ್ರಮ ಬಂದದ್ದು ಈ ಚಿಂತನೆಯಿಂದ. ಆದರೂ ಪರೀಕ್ಷೆಯ ಮೋಹ ಬಿಡಲಿಲ್ಲ. ಐದು, ಎಂಟು, ಒಂಬತ್ತನೇ ತರಗತಿಗಳಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಪರೀಕ್ಷೆ ನಡೆಸುವ ನಿರ್ಧಾರ ನ್ಯಾಯಾಲಯದ ಮೆಟ್ಟಿಲೇರಿತು. 2024ರ ಎಪ್ರಿಲ್ 8ರಂದು, ಮಕ್ಕಳು ಫಲಿತಾಂಶಕ್ಕೆ ಕಾಯುತ್ತಿದ್ದ ವಾರದಲ್ಲೇ, ಸುಪ್ರೀಂ ಕೋರ್ಟ್ ಅದರ ಪ್ರಕಟಣೆಗೆ ತಡೆ ಕೊಟ್ಟಿತು. ದೊಡ್ಡವರ ಈ ಜಗ್ಗಾಟದಲ್ಲಿ ಹತ್ತು ವರ್ಷದ ಮಕ್ಕಳು ಸಿಕ್ಕಿಕೊಂಡರು.

ಪಂಜೆಯವರು ಹುಟ್ಟಿದ ತಾಲೂಕು

ಮಕ್ಕಳ ಬೆಳವಣಿಗೆಯನ್ನು ಹಬ್ಬವಾಗಿ ನೋಡುವ ದೃಷ್ಟಿ ಬಂಟ್ವಾಳಕ್ಕೆ ಹೊಸದೇನಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಆಮೇಲೆ ಶಾಲಾ ಇನ್‌ಸ್ಪೆಕ್ಟರಾಗಿ ದುಡಿದವರು. ಗದರಿಸಿ ಕಲಿಸುವುದೇ ಶಿಕ್ಷಣ ಎಂದು ನಂಬಿದ್ದ ಕಾಲದಲ್ಲಿ ಅವರು 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಮಕ್ಕಳು ಕುಣಿದು ಹಾಡಬಲ್ಲ ಪದ್ಯಗಳನ್ನು, ಮತ್ತೆ ಮತ್ತೆ ಕೇಳಬಯಸುವ ಕತೆಗಳನ್ನು ಬರೆದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದ ತನಕ ಹೋದ ಈ ಮೇಷ್ಟ್ರ ಹೆಸರು ಇಂದಿಗೂ ಉಳಿದಿರುವುದು ಚಿಕ್ಕ ಮಕ್ಕಳ ಬಾಯಲ್ಲಿ.

ವೇದಿಕೆ ಎಲ್ಲರದಾಗಲಿ

ದಕ್ಷಿಣ ಕನ್ನಡದಲ್ಲಿ ಶಾಲಾ ವಾರ್ಷಿಕೋತ್ಸವವೆಂದರೆ ಊರಹಬ್ಬ. ಹಳೆ ವಿದ್ಯಾರ್ಥಿ ಸಂಘದವರ ಪೆಂಡಾಲು, ಮುಂಬಯಿಯಿಂದಲೂ ಗಲ್ಫಿನಿಂದಲೂ ಬರುವ ದೇಣಿಗೆ, ಸಂಜೆ ಸಭೆ, ಆಮೇಲೆ ನೃತ್ಯ, ಕೊನೆಗೆ ಹಳೆ ವಿದ್ಯಾರ್ಥಿಗಳ ತುಳು ನಾಟಕ. ಪಟ್ಲ ಫೌಂಡೇಶನ್‌ನಂಥ ಸಂಸ್ಥೆಗಳು ಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಿರುವುದರಿಂದ ಮಕ್ಕಳ ಆಟಕ್ಕೂ ಈಗ ಕಳೆ ಬಂದಿದೆ. ಪಾಠದಲ್ಲಿ ಬಾಯಿ ಬಿಡದ ಹುಡುಗಿ ಚೆಂಡೆ ಕೇಳಿದ ಕೂಡಲೇ ದೇವೇಂದ್ರನಾಗಿ ಒಡ್ಡೋಲಗ ಕೊಡುವುದನ್ನು ಕಂಡು ಅವಳ ಅಮ್ಮನೇ ಬೆರಗಾಗುತ್ತಾಳೆ.

ನಡುವೆ ಬರುವ ಬಹುಮಾನ ವಿತರಣೆ ಮಾತ್ರ ಹಳೆಯ ದಾರಿಯಲ್ಲೇ ಇದೆ. ನಾಲ್ಕೈದು ಮಕ್ಕಳು ಹತ್ತು ಸಲ ವೇದಿಕೆ ಹತ್ತುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಗೆದ್ದವರ ಸಂತೋಷವನ್ನು ಕಿತ್ತುಕೊಳ್ಳಬೇಕಿಲ್ಲ. ಆದರೆ ಏಳು ವರ್ಷ ಬರೀ ಚಪ್ಪಾಳೆ ತಟ್ಟಿದ ಮಗುವಿನ ಬಗ್ಗೆ ಶಾಲೆ ಏನು ಹೇಳಿತು? ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮಾರ್ಚಿನ ಬೀಳ್ಕೊಡುಗೆ ದಿನ ಒಬ್ಬೊಬ್ಬ ಮಗುವಿನ ಹೆಸರನ್ನೂ ಕರೆದು ಪ್ರಮಾಣಪತ್ರ ಕೊಡುತ್ತಾರೆ. ನಮ್ಮ ಹೆಚ್ಚಿನ ಹಳ್ಳಿ ಶಾಲೆಗಳಲ್ಲಿ ಏಳನೆಯ ತರಗತಿಯಲ್ಲಿರುವ ಮಕ್ಕಳೇ ಹತ್ತಿಪ್ಪತ್ತು. ಎಲ್ಲರ ಹೆಸರು ಕರೆಯಲು ಅರ್ಧ ಗಂಟೆ ಸಾಕು.

ಇಲಾಖೆಯೂ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. ಕೊರೋನಾ ನಂತರ 2022-23ರಲ್ಲಿ 'ಕಲಿಕಾ ಚೇತರಿಕೆ'ಯ ಜೊತೆಗೆ ಬಂದ ಕಲಿಕಾ ಹಬ್ಬದಲ್ಲಿ ಮಕ್ಕಳು ಕಾಗದ ಕತ್ತರಿಸಿ ಬಣ್ಣ ಹಚ್ಚಿದರು, ಹಾಡಿದರು, ಊರು ಸುತ್ತಿ ಹಿರಿಯರನ್ನು ಮಾತನಾಡಿಸಿದರು. 2024-25ರ ಕಲಿಕಾ ಹಬ್ಬದಲ್ಲಿ ಗಟ್ಟಿ ಓದು, ಕತೆ ಹೇಳುವುದು, ಕೈಬರಹ, ಖುಷಿಯ ಗಣಿತ, ಜ್ಞಾಪಕ ಶಕ್ತಿ, ರಸಪ್ರಶ್ನೆಗಳ ಜೊತೆ ಹೆತ್ತವರು ಮತ್ತು ಮಕ್ಕಳು ಒಟ್ಟಾಗಿ ಮಾಡುವ ಚಟುವಟಿಕೆಯೂ ಸೇರಿತು. ಮಕ್ಕಳ ಸಂತೆ, ಮೆಟ್ರಿಕ್ ಮೇಳಗಳಲ್ಲಿ ಬಸಳೆ ಕಟ್ಟು ಮಾರಿ ಚಿಲ್ಲರೆ ಎಣಿಸಿ ಕೊಡುವ ಮಗು ಕಳೆಯುವ ಲೆಕ್ಕವನ್ನು ಕಲಿತದ್ದು ಎಲ್ಲರ ಕಣ್ಣಿಗೂ ಕಾಣುತ್ತದೆ. ಇಂಥವು ಕ್ಲಸ್ಟರ್ ಮಟ್ಟದ ಒಂದೆರಡು ದಿನಕ್ಕೆ ಮುಗಿಯದೆ ಪ್ರತಿ ಶಾಲೆಯ ವರ್ಷಾಂತ್ಯದ ಭಾಗವಾಗಬೇಕು.

ಊರು ಬೆಳೆಸಿದ ಶಾಲೆಗಳು

ಮಗು ಬೆಳೆಯಬೇಕಾದರೆ ಶಾಲೆ ಉಳಿಯಬೇಕು. ಅದಕ್ಕೆ ಈ ಜಿಲ್ಲೆಯಲ್ಲಿ ದೊಡ್ಡ ಉದಾಹರಣೆಗಳಿವೆ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಬಂದ ಹಣ ಕೂಡಿಟ್ಟು ಹರೇಕಳ ಹಾಜಬ್ಬ ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ತಾವು ಶಾಲೆಯ ಮೆಟ್ಟಿಲು ಹತ್ತದವರು ಊರಿನ ಮಕ್ಕಳಿಗೆ ಮೆಟ್ಟಿಲು ಕಟ್ಟಿಕೊಟ್ಟರು.

ಪುಂಜಾಲಕಟ್ಟೆಗೆ ಹತ್ತಿರದ್ದು ಮೂಡನಡುಗೋಡು ಗ್ರಾಮದ ದಡ್ಡಲಕಾಡು ಸರಕಾರಿ ಶಾಲೆ. ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದಿದ್ದ ಅದನ್ನು ಕರೆಂಕಿಯ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ ದತ್ತು ತೆಗೆದುಕೊಂಡಿತು. ಪ್ರಕಾಶ್ ಅಂಚನ್ ಮುಂದಾಳುತನದಲ್ಲಿ ಹೊಸ ಕಟ್ಟಡ ಬಂತು, ಮಕ್ಕಳನ್ನು ಕರೆತರಲು ಬಸ್ಸು ಬಂತು, ಇಂಗ್ಲಿಷ್ ಕಲಿಕೆಗೂ ಏರ್ಪಾಡಾಯಿತು. ಖಾಸಗಿ ಶಾಲೆಯ ಕಡೆ ಮುಖ ಮಾಡಿದ್ದ ಹೆತ್ತವರು ತಿರುಗಿ ಬಂದರು. ಸರಕಾರಿ ಶಾಲೆ ಉಳಿಸಿ ಬೆಳೆಸುವ ಕೂಗು ರಾಜ್ಯಕ್ಕೆ ಕೇಳಿಸಿದ್ದೂ ಇಲ್ಲಿಂದಲೇ. ಊರವರು ಕೈ ಹಾಕಿದ ಶಾಲೆಯಲ್ಲಿ ವಾರ್ಷಿಕೋತ್ಸವದ ದಿನ ಮಕ್ಕಳಷ್ಟೇ ಊರೂ ಬೀಗುತ್ತದೆ.

ಹೀಗೆ ಮಾಡಿ ನೋಡಿ

*ಟೀಚರುಗಳಿಗೆ*

- ಜೂನ್ ಮೊದಲ ವಾರ ಪ್ರತಿ ಮಗುವಿನಿಂದ ಒಂದು ಚಿತ್ರ, ನಾಲ್ಕು ಸಾಲು ಬರಹ ಪಡೆದು ತೆಗೆದಿಡಿ. ಮಾರ್ಚಿನಲ್ಲಿ ಅದನ್ನೇ ಮತ್ತೆ ಮಾಡಿಸಿ, ಎರಡನ್ನೂ ಅಕ್ಕಪಕ್ಕ ಅಂಟಿಸಿ ಹೆತ್ತವರಿಗೆ ಕೊಡಿ.
- ಪ್ರತಿ ಮಗುವಿನ ಬಗ್ಗೆ ಒಂದೇ ವಾಕ್ಯ ಬರೆಯಿರಿ. "ಉತ್ತಮ", "ಸಾಧಾರಣ" ಬೇಡ. "ಈ ವರ್ಷ ಇವನು ಭಾಗಾಕಾರದ ಹೆದರಿಕೆ ಬಿಟ್ಟ" ಎಂಬಂಥ ವಾಕ್ಯ ಬೇಕು.
- ತರಗತಿಯ ಹಸ್ತಪತ್ರಿಕೆಯಲ್ಲಿ ಎಲ್ಲ ಮಕ್ಕಳ ಬರಹಕ್ಕೂ ಜಾಗವಿರಲಿ. ತಪ್ಪು ತಿದ್ದುವ ಭರದಲ್ಲಿ ಮಗುವಿನ ಮಾತು ಅಳಿಸಬೇಡಿ.

*ಹೆತ್ತವರಿಗೆ*

- ಫಲಿತಾಂಶದ ದಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಶಾಲೆಗೆ ಬನ್ನಿ. ಅಪ್ಪಂದಿರೂ ಬನ್ನಿ.
- ನೆರೆಮನೆಯ ಮಗುವಿನ ಅಂಕದ ಜೊತೆ ಹೋಲಿಸಬೇಡಿ. ಕಳೆದ ವರ್ಷದ ನೋಟ್‌ಬುಕ್ ತೆರೆದು ನಿಮ್ಮ ಮಗುವನ್ನು ಅದೇ ಮಗುವಿನ ಜೊತೆ ಹೋಲಿಸಿ.
- ರಜೆಯಲ್ಲಿ ಮಗು ಅಜ್ಜನಿಗೆ ಪೇಪರ್ ಓದಿ ಹೇಳಲಿ. ಕಲಿತದ್ದು ಉಳಿಯಲು ಅಷ್ಟು ಸಾಕು.

*ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮತ್ತು ಹಳೆ ವಿದ್ಯಾರ್ಥಿಗಳಿಗೆ*

- ದುಬಾರಿ ಟ್ರೋಫಿಗಳ ಬದಲು ಎಲ್ಲ ಮಕ್ಕಳಿಗೂ ಒಂದೊಂದು ಕತೆ ಪುಸ್ತಕ ಕೊಡಿ, ಒಳಪುಟದಲ್ಲಿ ಮಗುವಿನ ಹೆಸರು ಬರೆದು ಕೊಡಿ.
- ಸಭೆಯ ಭಾಷಣಗಳನ್ನು ಮೊಟಕು ಮಾಡಿ. ಉಳಿದ ಹೊತ್ತಿನಲ್ಲಿ ಮಕ್ಕಳೇ ತಮ್ಮ ವರ್ಷದ ಬಗ್ಗೆ ಮಾತನಾಡಲಿ.
- ಅಡುಗೆ ಅಮ್ಮಂದಿರನ್ನು ವೇದಿಕೆಗೆ ಕರೆಯಿರಿ. ಮಕ್ಕಳ ಎತ್ತರ, ತೂಕ ಹೆಚ್ಚಿದ್ದರಲ್ಲಿ ಅವರ ಪಾಲೂ ಇದೆ.

ದೀಪ ಹಿಡಿದು ಹೊರಡುವವರು

ಏಳನೆಯ ತರಗತಿಯ ಮಕ್ಕಳಿಗೆ ವರ್ಷಾಂತ್ಯ ಎಂದರೆ ಬೀಳ್ಕೊಡುಗೆ. ಜಿಲ್ಲೆಯ ಹಲವು ಶಾಲೆಗಳಲ್ಲಿ ಆ ದಿನ ದೀಪ ಪ್ರದಾನ ಮಾಡುತ್ತಾರೆ. ಹಿರಿಯ ಮಕ್ಕಳು ಹಚ್ಚಿದ ಹಣತೆಯನ್ನು ಕಿರಿಯರ ಕೈಗೆ ದಾಟಿಸುತ್ತಾರೆ. ಅಲ್ಲಿಂದ ಹೈಸ್ಕೂಲು, ಎಸ್ಸೆಸ್ಸೆಲ್ಸಿ, ಪಿಯುಸಿ. ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ಪತ್ರಿಕೆಗಳು ಬರೆಯುವ, ರ‍್ಯಾಂಕು ಬಂದವರ ಫ್ಲೆಕ್ಸ್ ಪೇಟೆಯಲ್ಲಿ ತೂಗುವ ಲೋಕ ಅದು. ಆ ಓಟಕ್ಕೆ ಇಳಿಯುವ ಮೊದಲು "ನಾನು ಕಲಿಯಬಲ್ಲೆ" ಎಂಬ ಧೈರ್ಯ ಮಗುವಿನ ಒಳಗೆ ಬಂದಿದ್ದರೆ ಪ್ರಾಥಮಿಕ ಶಾಲೆ ತನ್ನ ಕೆಲಸ ಮುಗಿಸಿದಂತೆ. ಆ ಧೈರ್ಯ ಕೊಡಲು ದುಡ್ಡು ಬೇಡ, ಆದೇಶ ಬೇಡ. ಮಗು ಕಲಿತದ್ದನ್ನು ಯಾರಾದರೂ ಗಮನಿಸಿ, ಹೆಸರು ಹಿಡಿದು ಹೇಳಿದರೆ ಸಾಕು.

ಮೇ 29ರ ಹೊತ್ತಿಗೆ ಶಾಲೆಗಳು ಮತ್ತೆ ತೆರೆಯುತ್ತವೆ. ಹೊಸ ಕೊಡೆ, ಹೊಸ ಬ್ಯಾಗು, ಹೊಸ ತರಗತಿ. ಅದಕ್ಕೂ ಮೊದಲು ಬರುವ ಎಪ್ರಿಲ್ 10ರಂದು ನಿಮ್ಮೂರಿನ ಶಾಲೆಗೆ ಹೋಗಿ. ನಿಮ್ಮ ಮನೆಯ ಮಗು ಅಲ್ಲಿ ಇಲ್ಲದಿದ್ದರೂ ಹೋಗಿ. ಸಿಕ್ಕ ಮಗುವಿನಲ್ಲಿ ಮಾರ್ಕು ಕೇಳಬೇಡಿ. "ಕಳೆದ ವರ್ಷ ಬಾರದಿದ್ದದ್ದು ಈ ವರ್ಷ ಏನು ಬಂತು?" ಎಂದು ಕೇಳಿ, ಉತ್ತರ ಮುಗಿಯುವ ತನಕ ಅಲ್ಲೇ ನಿಂತು ಕೇಳಿಸಿಕೊಳ್ಳಿ.