ಕಪ್ಪು-ಬಿಳುಪು ರೋಲ್‌ಗೆ ಯಾವ ಡೆವಲಪರ್?

ಬೆಂಗಳೂರು: ಜೀವನ್ ಬಿಮಾ ನಗರದಂತಹ ಬಡಾವಣೆಯ ಸ್ನಾನದ ಮನೆಯಲ್ಲೂ ಕಪ್ಪು-ಬಿಳುಪು ಫಿಲಂ ತೊಳೆಯಬಹುದು. ಆದರೆ ಡೆವಲಪರ್ ಕೆಟ್ಟಿದ್ದರೆ ಇಡೀ ರೋಲ್ ಹಾಳು. ಕಳೆದುಹೋದ ಚಿತ್ರ ಮರಳಿ ಸಿಗದು. ಆದ್ದರಿಂದ ಆಯ್ಕೆಯಲ್ಲಿ ಎಚ್ಚರಿಕೆ ಅಗತ್ಯ.

ಕೊಡಕ್ ಕಂಪನಿ 1927ರಲ್ಲಿ ಹೊರತಂದ ಡಿ-76 ಹಾಗೂ ಅದಕ್ಕೆ ಸಮನಾದ ಇಲ್ಫರ್ಡ್‌ನ ಐಡಿ-11 ಪುಡಿಯ ರೂಪದಲ್ಲಿ ದೊರೆಯುತ್ತವೆ. ಇವುಗಳಲ್ಲಿ ಹೇರಳವಾಗಿರುವ ಸೋಡಿಯಂ ಸಲ್ಫೈಟ್ ಬೆಳ್ಳಿಯ ಕಣಗಳ ಅಂಚನ್ನು ಕರಗಿಸಿ ಚಿತ್ರಕ್ಕೆ ನಯ ತರುತ್ತದೆ. ಆದರೆ ಕಲಸಿದ ದ್ರಾವಣವನ್ನು ಬಾಟಲಿಯ ತುಂಬ ತುಂಬಿ ಮುಚ್ಚಿಟ್ಟರೂ ಅದರ ಬಾಳಿಕೆ ಸುಮಾರು 6 ತಿಂಗಳು ಮಾತ್ರ.

1891ರಷ್ಟು ಹಳೆಯದಾದ ರೋಡಿನಾಲ್ ದ್ರವರೂಪದ್ದು. ಬಾಟಲಿ ತೆರೆದ ಮೇಲೂ ವರ್ಷಗಟ್ಟಲೆ ಕೆಡದು. 1 ಪಾಲಿಗೆ 25 ಅಥವಾ 50 ಪಾಲು ನೀರು ಬೆರೆಸಿ, ಒಮ್ಮೆ ಬಳಸಿ ಚೆಲ್ಲುವುದು ಕ್ರಮ. ಚಿತ್ರ ಚೂಪಾಗಿ ಮೂಡುತ್ತದೆ. ಕಣಗಳೂ ಎದ್ದು ಕಾಣುತ್ತವೆ.

ಹೀಗಾಗಿ ತಿಂಗಳಿಗೆ ನಾಲ್ಕಾರು ರೋಲ್ ತೊಳೆಯುವವರಿಗೆ ಡಿ-76, ಅಪರೂಪಕ್ಕೆ ತೊಳೆಯುವವರಿಗೆ ರೋಡಿನಾಲ್ ಸೂಕ್ತ.

ಬೇಸಿಗೆಯಲ್ಲಿ ನಗರದ ನಲ್ಲಿ ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರುತ್ತದೆ. ಬಿಸಿ ಹೆಚ್ಚಿದಷ್ಟೂ ತೊಳೆಯುವ ಅವಧಿ ಕಡಿಮೆಯಾಗುತ್ತದೆ. ಅದು 5 ನಿಮಿಷಕ್ಕಿಂತ ಇಳಿದರೆ ನೆಗೆಟಿವ್ ಒಂದೇ ಸಮನಾಗಿ ಮೂಡದಿರಬಹುದು. ಎಚ್‌ಪಿ5 ಪ್ಲಸ್ ಫಿಲಂಗೆ 20 ಡಿಗ್ರಿಯಲ್ಲಿ ಐಡಿ-11 ಮೂಲ ದ್ರಾವಣವಾದರೆ ಏಳೂವರೆ ನಿಮಿಷ, ಸಮಪಾಲು ನೀರು ಬೆರೆಸಿದರೆ 13 ನಿಮಿಷ ಬೇಕು. ಬೇಸಿಗೆಗೆ ಎರಡನೆಯ ವಿಧಾನವೇ ಸುರಕ್ಷಿತ. ದ್ರಾವಣದ ಬಾಟಲಿಯನ್ನು ಐಸ್ ಹಾಕಿದ ಬಕೆಟ್‌ನಲ್ಲಿ ಇರಿಸಿ ತಣಿಸಬಹುದು. ಐಸನ್ನು ದ್ರಾವಣಕ್ಕೇ ಹಾಕಬಾರದು.